ಮೊಣಕಾಲಿಗೆ ಶೇಕಡಾ ಎಷ್ಟು?

ಸೇನೆಯಿಂದ ನಿವೃತ್ತರಾಗಿ ಊರಿಗೆ ಬಂದ ಅಣ್ಣತಮ್ಮಂದಿರೇ, ನಿವೃತ್ತಿಯ ವೇಳೆ ಸೇನೆಯ ವೈದ್ಯರ ಮಂಡಳಿ ನಿಮ್ಮನ್ನು ಪರೀಕ್ಷಿಸಿ ಕೊಟ್ಟ ಮೆಡಿಕಲ್ ಬೋರ್ಡ್ ಕಾಗದ ಒಮ್ಮೆ ತೆಗೆದು ನೋಡಿ. ಮೊಣಕಾಲಿನ ಅಂಗವೈಕಲ್ಯ ಶೇ. 20ಕ್ಕಿಂತ ಕಡಿಮೆ ಅಂತ ಬರೆದು, ‘ಸೇವೆಯಿಂದ ಬಂದದ್ದಲ್ಲ, ಸೇವೆಯಿಂದ ಉಲ್ಬಣಿಸಿದ್ದೂ ಅಲ್ಲ’ ಅಂತ ಷರಾ ಹಾಕಿದ್ದರೆ ಅದನ್ನು ಹಣೆಬರಹ ಅಂದುಕೊಳ್ಳಬೇಡಿ. ಮೇಲ್ಮನವಿ ಹಾಕಿ.

ನಮ್ಮಣ್ಣ ಹವಾಲ್ದಾರ್ ಆಗಿದ್ದವನು. ಗಸ್ತು ಮುಗಿಸಿ ಗುಡ್ಡ ಇಳಿಯುವಾಗ ಜಾರಿ ಬಲ ಮೊಣಕಾಲಿನ ಲಿಗಮೆಂಟ್ ಹರಿದುಕೊಂಡ. ಈಗ ಊಟಕ್ಕೆ ಚಕ್ಕಳಮಕ್ಕಳ ಹಾಕಿ ಕೂರಲಾರ. ಬಸ್ಸಿನಿಂದ ಇಳಿಯುವಾಗ ಕಂಬಿ ಹಿಡಿದು, ಬಲಗಾಲು ಕೆಳಗಿಟ್ಟು, ಎಡಗಾಲನ್ನು ಅದೇ ಮೆಟ್ಟಿಲಿಗೆ ತಂದು, ಆಮೇಲೆ ಮುಂದಿನ ಮೆಟ್ಟಿಲು. ಹಿಂದಿನವರು ‘ಬೇಗ ಇಳೀರಿ’ ಅಂತಿರುತ್ತಾರೆ. ಬೋರ್ಡ್‌ನವರು ಮಂಚದ ಮೇಲೆ ಮಲಗಿಸಿ, ಕಾಲು ಮಡಚಿ ನೋಡಿ, 20ರ ಕೆಳಗೇ ನಿಲ್ಲಿಸಿದರು.

ಆ 20ರ ಗೆರೆಯೇ ಎಲ್ಲ. ಅಣ್ಣನಂತೆ ಸೇವೆಯ ಅವಧಿ ಮುಗಿಸಿ ಬಂದವರಿಗೆ ಅದರ ಕೆಳಗಿದ್ದರೆ ಅಂಗವೈಕಲ್ಯದ ಪಿಂಚಣಿ ಇಲ್ಲ. 20 ಮುಟ್ಟಿ, ಸೇವೆಯ ಸಂಬಂಧವೂ ಒಪ್ಪಿಗೆಯಾದರೆ ಅದನ್ನು 50ಕ್ಕೆ ಏರಿಸಿ ಲೆಕ್ಕ ಹಾಕುತ್ತಾರೆ. ಅವಧಿ ಮುಗಿಸಿ ಬಂದವರಿಗೂ ಈ ಸೌಲಭ್ಯ ಸಲ್ಲಬೇಕು ಅಂತ 2014ರ ರಾಮ್ ಅವತಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಒಂದೇ ಒಂದು ಅಂಕಿ, ಅದೂ ಒಂದು ಕೋಣೆಯೊಳಗಿನ ಅಂದಾಜು, ಮನುಷ್ಯನ ಮುಂದಿನ ಬದುಕನ್ನು ತೀರ್ಮಾನಿಸುವುದು ಅನ್ಯಾಯ. (2023ರ ಸೆಪ್ಟೆಂಬರ್ 21ರ ನಂತರ ನಿವೃತ್ತರಾದವರಿಗೆ ಹೊಸ ನಿಯಮಗಳಿವೆ, ಅವರು ಅವನ್ನೇ ಓದಿಕೊಳ್ಳಬೇಕು.)

ಇನ್ನು ಆ ಷರಾ. ಭರ್ತಿಯ ದಿನ ಓಡಿಸಿ, ಜಿಗಿಸಿ, ಮೈಯೆಲ್ಲ ತಪಾಸಣೆ ಮಾಡಿ ‘ಫಿಟ್’ ಅಂತ ತೆಗೆದುಕೊಂಡವರು ಅವರೇ. ಅಂದು ಕಾಗದದಲ್ಲಿ ಯಾವ ದೋಷವನ್ನೂ ಬರೆಯದಿದ್ದರೆ, ಆಮೇಲೆ ಬಂದ ತೊಂದರೆ ಸೇವೆಯದ್ದಲ್ಲ ಅಂತ ಸಾಬೀತು ಮಾಡುವ ಹೊಣೆ ಸರ್ಕಾರದ್ದು. ಸುಪ್ರೀಂ ಕೋರ್ಟಿನ 2013ರ ಧರಮ್‌ವೀರ್ ಸಿಂಗ್ ತೀರ್ಪು ಇದನ್ನೇ ಹೇಳಿತು. ಆ ಪ್ರಕರಣ ಮೂರ್ಛೆರೋಗದ್ದು, ತತ್ವ ಮೊಣಕಾಲಿಗೂ ಅದೇ.

ಮೊದಲು ಕಾಗದ ಕೂಡಿಸಿ. ಗಾಯದ ವರದಿ, ಮಿಲಿಟರಿ ಆಸ್ಪತ್ರೆಯ ಡಿಸ್ಚಾರ್ಜ್ ಚೀಟಿ, ವೈದ್ಯಕೀಯ ಕೆಟಗರಿ (ದೈಹಿಕ ಅರ್ಹತೆಯ ದರ್ಜೆ) ಇಳಿಸಿದ ಆದೇಶ. ಕೈಯಲ್ಲಿಲ್ಲದಿದ್ದರೆ ಆರ್‌ಟಿಐ ಹಾಕಿ. ಮೊದಲ ಮೇಲ್ಮನವಿಗೆ ಆರು ತಿಂಗಳ ಗಡುವು, ಆಮೇಲೆ ಎರಡನೆಯದು, ಅದೂ ಆಗದಿದ್ದರೆ ಸಶಸ್ತ್ರ ಪಡೆಗಳ ನ್ಯಾಯಮಂಡಳಿ. ಕರ್ನಾಟಕದವರಿಗೆ ಅದು ಕೊಚ್ಚಿ ಪೀಠ. ತಡವಾಯಿತು ಅಂತ ಕೈಬಿಡಬೇಡಿ. ತರ್ಸೇಮ್ ಸಿಂಗ್ ಎಂಬ ಸೈನಿಕ ಅಂಗವೈಕಲ್ಯದ ಪಿಂಚಣಿಗಾಗಿ ಕೋರ್ಟಿಗೆ ಹೋದದ್ದು ಹದಿನಾರು ವರ್ಷ ಕಳೆದ ಮೇಲೆ. 2008ರಲ್ಲಿ ಸುಪ್ರೀಂ ಕೋರ್ಟ್ ಬಾಕಿ ಹಣವನ್ನು ಮೂರು ವರ್ಷಕ್ಕೆ ಸೀಮಿತಗೊಳಿಸಿತು, ಪಿಂಚಣಿಯ ಹಕ್ಕನ್ನು ಕಿತ್ತುಕೊಳ್ಳಲಿಲ್ಲ.

ಅಣ್ಣನ ಮೊದಲ ಮೇಲ್ಮನವಿ ತಿರಸ್ಕಾರವಾಯಿತು. ಬಂದ ಉತ್ತರದಲ್ಲಿ ಗಾಯದ ವರದಿಯ ಸುದ್ದಿಯೇ ಇಲ್ಲ. ಎರಡನೆಯದರಲ್ಲಿ ಆ ವರದಿಯನ್ನೇ ಎಲ್ಲಕ್ಕಿಂತ ಮೇಲಿಟ್ಟು ಕಳಿಸಿದ್ದೇವೆ.