ನನ್ನ ನೆರಳಿಗಿನ್ನೂ ಸದಸ್ಯತ್ವ ಸಿಕ್ಕಿಲ್ಲ

ನಿನ್ನೆ ಸಂಜೆ ಗಾಲ್ಫ್ ಮೈದಾನದ ಹದಿನಾರನೇ ಗ್ರೀನಿನ, ಅಂದರೆ ಚೆಂಡು ಬೀಳಿಸುವ ಹೋಲಿನ ಸುತ್ತಲ ನುಣುಪು ಹುಲ್ಲಿನ, ಅಂಚಿನಲ್ಲಿ ನಾನು ಕುಕ್ಕರಗಾಲಲ್ಲಿ ಕೂತಿದ್ದೆ. ಚೆಂಡು ಕಳೆದಿರಲಿಲ್ಲ, ಬೆನ್ನು ಹಿಡಿದಿರಲಿಲ್ಲ. ದೊಡ್ಡ ಆಟಗಾರರು ಹಾಗೆ ಕೂತು ಹುಲ್ಲಿನ ಇಳಿಜಾರು ಅಳೆಯುತ್ತಾರಲ್ಲ, ಆ ವಿದ್ಯೆಯಂತೂ ನನ್ನ ಹತ್ತಿರಕ್ಕೂ ಸುಳಿದಿಲ್ಲ. ನಾನು ಕೂತದ್ದು ನನ್ನ ನೆರಳನ್ನು ಗಿಡ್ಡ ಮಾಡಿಕೊಳ್ಳಲು.

ಗಾಲ್ಫ್ ಕ್ಲಬ್ಬು ಸೇರಿ ಮೂರು ತಿಂಗಳಾಯಿತು. ಸೇರುವ ಮುಂಚೆ ನನಗಿದ್ದ ಹೆದರಿಕೆಯೆಲ್ಲ ಚೆಂಡಿನದು. ಅದು ನಾನು ಹೇಳಿದ ಕಡೆ ಹೋಗುವುದಿಲ್ಲ ಅನ್ನುವುದಕ್ಕೆ ಒಂದೇ ವಾರದಲ್ಲಿ ಒಗ್ಗಿಹೋದೆ. ಮನೆಯಲ್ಲಿ ಮಕ್ಕಳನ್ನು ಸಾಕಿದವರಿಗೆ ಇದೇನೂ ಹೊಸದಲ್ಲ. ಕಾಲರ್ ಇಲ್ಲದ ಅಂಗಿ ತೊಡಬಾರದು, ಒಳಗೆ ಬಂದರೆ ಟೋಪಿ ತೆಗೆಯಬೇಕು, ಬಂಕರ್ ಅನ್ನುವ ಮರಳಿನ ಗುಂಡಿಗೆ ಇಳಿದವನು ಹೊರಡುವಾಗ ತನ್ನ ಹೆಜ್ಜೆಗುರುತನ್ನು ತಾನೇ ರೇಕ್ ಎಳೆದು ಕಳ್ಳನ ಹಾಗೆ ಅಳಿಸಿ ಬರಬೇಕು, ಇದೆಲ್ಲ ಕಲಿತೆ. ಚೀಲದಲ್ಲಿ 14ಕ್ಕಿಂತ ಹೆಚ್ಚು ಕ್ಲಬ್ (ಚೆಂಡು ಹೊಡೆಯುವ ಕೋಲಿಗೂ ಅದೇ ಹೆಸರು) ಇರಬಾರದಂತೆ. ನನಗೆ ಮೂರು ಸಾಕು, ಉಳಿದ ಹನ್ನೊಂದು ಹೊರುವುದಕ್ಕೆ. ಕಳೆದ ಚೆಂಡು ಹುಡುಕಲು ಮೊದಲು ಐದು ನಿಮಿಷ ಕೊಡುತ್ತಿದ್ದರು, 2019ರಿಂದ ಮೂರೇ ನಿಮಿಷ. ನಾನು ಯಾವ ಸರದಿಯಲ್ಲಿ ನಿಂತರೂ ನನ್ನ ಪಾಳಿ ಬರುವ ಹೊತ್ತಿಗೆ ಸವಲತ್ತು ಕಡಿತವಾಗಿರುತ್ತದೆ.

ಹೋಲಿನ ಅಗಲ 108 ಮಿಲಿಮೀಟರ್. ಅದನ್ನು ಓದಿದ ದಿನ ಖುಷಿಯಾಗಿತ್ತು, ಅಷ್ಟೋತ್ತರದ ಲೆಕ್ಕ, ಶುಭವೇ ಇರಬೇಕು ಅಂತ. ಆಟಗಾರನ ಹ್ಯಾಂಡಿಕ್ಯಾಪ್, ಅಂದರೆ ಆಟ ಬಾರದವನಿಗೆ ಕೊಡುವ ಹೊಡೆತಗಳ ರಿಯಾಯಿತಿ, ಹೆಚ್ಚೆಂದರೆ 54 ಇರಬಹುದು, ಅಂದರೆ ಸರಿಯಾಗಿ ಅದರ ಅರ್ಧ. ನನಗೆ ಆ ಹೆಚ್ಚೆಂದರೆಯನ್ನೇ ಕೊಟ್ಟಿದ್ದಾರೆ. ಇನ್ನರ್ಧವನ್ನು ನಾಮಸ್ಮರಣೆಯಲ್ಲಿ ತುಂಬಿಸಿಕೊಳ್ಳುತ್ತಿದ್ದೇನೆ.

ಇಷ್ಟೂ ಸಹಿಸಬಹುದು. ಸಹಿಸಲಾಗದ್ದು, ನಾನು ಎಲ್ಲಿ ನಿಲ್ಲಬೇಕು ಅನ್ನುವುದು.

ಕ್ಲಬ್ಬಿನಲ್ಲಿ ಜನ ನಾಲ್ಕು ನಾಲ್ಕು ಜನರ ಗುಂಪಾಗಿ ಆಡುತ್ತಾರೆ, ಆ ಗುಂಪುಗಳು ವರ್ಷಾನುಗಟ್ಟಲೆ ಕದಲುವುದಿಲ್ಲ. ಹೊಸಬ ಒಳಗೆ ಹೋಗಬೇಕಾದರೆ ಹಳಬರಲ್ಲಿ ಒಬ್ಬರಿಗೆ ಮಂಡಿನೋವು ಬರಬೇಕು. ನಾನು ಸ್ಟೆಪ್ನಿ. ಹಾಗೆ ನನ್ನನ್ನು ಜೋಡಿಸಿಕೊಂಡ ಗುಂಪಿನಲ್ಲಿ ಒಬ್ಬ ಹಿರಿಯರಿದ್ದಾರೆ. ಒಳ್ಳೆಯವರು, ಬೈಯುವುದಿಲ್ಲ, ಬುದ್ಧಿ ಹೇಳುವುದಿಲ್ಲ. ಚೆಂಡನ್ನು ಹೋಲಿಗೆ ಉರುಳಿಸುವ ಪಟ್ ಹೊಡೆಯುವ ಮುನ್ನ ಒಂದೇ ಒಂದು ಶಬ್ದ ಆಡುತ್ತಾರೆ. ತಲೆ ಎತ್ತದೆ, ಗ್ರೀನಿಗೆ ಹೇಳುವ ಹಾಗೆ.

‘ನೆರಳು.’

ಅಷ್ಟೇ. ‘ನಿಮ್ಮ’ ಇಲ್ಲ, ‘ಸ್ವಲ್ಪ’ ಇಲ್ಲ, ‘ದಯವಿಟ್ಟು’ ಇಲ್ಲ. ಮನೆಯಲ್ಲಿ ನಾನು ಅವರಿಗೆ ಛಾಯಾಪತಿಗಳು ಅಂತ ಹೆಸರಿಟ್ಟಿದ್ದೇನೆ. ಹೆಸರಿಟ್ಟ ಮೇಲೆ ನೆನಪಾಯಿತು, ಛಾಯಾದೇವಿಯ ಮಗನೇ ಶನಿ. ಹಾಗಾಗಿ ನನ್ನನ್ನು ಹಿಡಿದಿರುವುದು ಅವರಲ್ಲ, ಅವರ ಚಿರಂಜೀವಿ.

ಮಧ್ಯಾಹ್ನದಲ್ಲಿ ಆಡಿದರೆ ಈ ಗೋಳಿಲ್ಲ. ಸೂರ್ಯ 45 ಡಿಗ್ರಿ ಎತ್ತರದಲ್ಲಿದ್ದಾಗ ಮನುಷ್ಯನ ನೆರಳು ಅವನಷ್ಟೇ ಉದ್ದ. ಸಂಜೆ 14 ಡಿಗ್ರಿಗೆ ಇಳಿಯುವಷ್ಟರಲ್ಲಿ ನಾಲ್ಕು ಪಟ್ಟು. ನಾನು ಐದೂಮುಕ್ಕಾಲು ಅಡಿ, ಅಂದರೆ ಇಪ್ಪತ್ತಮೂರು ಅಡಿ ಉದ್ದದ ಆಸ್ತಿಯನ್ನು ಹೊತ್ತುಕೊಂಡು ಗ್ರೀನಿನ ಸುತ್ತ ಜಾಗ ಹುಡುಕಬೇಕು. ಲಾರಿ ತಿರುಗಿಸುವವನಿಗಾದರೂ ಹಿಂದೆ ನಿಂತು ‘ಬರ್ಲಿ ಬರ್ಲಿ’ ಅನ್ನಲು ಕ್ಲೀನರ್ ಇರುತ್ತಾನೆ.

ನಿನ್ನೆಯದನ್ನು ಕೇಳಿ. ಅವರಿಗೆ ಹನ್ನೆರಡು ಅಡಿಯ ಪಟ್ ಇತ್ತು. ನಾಲ್ಕೂ ದಿಕ್ಕಿನಿಂದ ದಾರಿ ನೋಡಿದರು. ಗಾರೆಯವರು ತೂಕದ ಗುಂಡು ಬಿಡುವಂತೆ ಪಟರ್ ಕೋಲನ್ನು ಇಳಿಬಿಟ್ಟು, ಒಂದು ಕಣ್ಣು ಮುಚ್ಚಿ ಅಳೆದರು. ನಿಂತರು. ನಾವು ಮೂವರೂ ಉಸಿರು ಹಿಡಿದೆವು.

‘ನೆರಳು.’

ಎಡಕ್ಕೆ ಎರಡು ಹೆಜ್ಜೆ ಹೋದೆ. ನನ್ನ ತಲೆ ನೇರವಾಗಿ ಹೋಲಿನೊಳಗೆ ಇಳಿಯಿತು. ಆ ದಿನ ಹೋಲ್ ಮುಟ್ಟಿದ ನನ್ನ ಮೊದಲ ವಸ್ತು ಅದು. ‘ನೆರಳು.’ ಬಲಕ್ಕೆ ಸರಿದೆ. ಪಕ್ಕದವರ ಚೆಂಡಿನ ಮೇಲೆ ಕತ್ತಲಾಯಿತು, ಅವರು ಗಂಟಲು ಸರಿಮಾಡಿಕೊಂಡರು. ಛಾಯಾಪತಿಗಳ ಬೆನ್ನ ಹಿಂದೆ ಹೋದರೆ, ಹೊಡೆಯುವವರ ಹಿಂದೆ ನಿಲ್ಲಬಾರದು ಎಂದು ಮೂರನೆಯವರು ಸನ್ನೆ ಮಾಡಿದರು. ಆಗ ಕೂತೆ. ದೇಹವೆಲ್ಲ ಚೊಕ್ಕವಾಗಿ ಮಡಚಿಕೊಂಡಿತು, ಟೋಪಿಯ ಅಂಚು ಮಾತ್ರ ಕಾಗೆಯ ಕೊಕ್ಕಿನಂತೆ ಗ್ರೀನಿನ ಮೇಲೆ ಚಾಚಿತ್ತು. ‘ನೆರಳು.’ ಟೋಪಿ ತೆಗೆದೆ.

ಎರಡು ಕ್ಷಣ ಮೌನ.

‘ಟೋಪಿ ಹಾಕ್ಕೊಳ್ಳಿ, ಹೊಳೀತಿದೆ.’

ನನ್ನ ತಲೆಯ ಮೇಲೆ ಕೂದಲಿಲ್ಲದ್ದು ನನ್ನ ಸ್ವಂತ ವಿಷಯ ಅಂದುಕೊಂಡಿದ್ದೆ. ಎದ್ದು ಹೋಗಿ ಒಂದು ಮರದ ಹಿಂದೆ ನಿಂತೆ. ಆ ಮರದ ನೆರಳು ಅದೇ ಗ್ರೀನಿನ ಮೇಲೆ ಕಂಬಳಿ ಹಾಸಿದಂತೆ ಅರ್ಧಕ್ಕೂ ಮಿಕ್ಕಿ ಬಿದ್ದಿತ್ತು, ಗಾಳಿಗೆ ಅಲ್ಲಾಡುತ್ತಲೂ ಇತ್ತು. ಅದಕ್ಕೆ ಯಾರೂ ಏನೂ ಅನ್ನಲಿಲ್ಲ. ಮರ ಹಳೇ ಸದಸ್ಯ.

ಕೊನೆಗೆ ಅವರು ಹೊಡೆದರು. ಚೆಂಡು ಹೋಲಿಗೆ ಮೂರು ಅಡಿ ದೂರದಲ್ಲಿ, ನಿಧಾನವಾಗಿ, ಪರಿಚಯವೇ ಇಲ್ಲದವರಂತೆ ಹಾದುಹೋಯಿತು. ಅವರು ಮರದ ಕಡೆ ನೋಡಿದರು. ಮರವನ್ನಲ್ಲ, ನನ್ನನ್ನು.

ರಾತ್ರಿ ಮನೆಗೆ ಬಂದು ನಿಯಮಗಳನ್ನು ತೆಗೆದು ಕೂತೆ, ರೋಷ ಅಷ್ಟಿತ್ತು. ಎಡಿನ್‌ಬರೊದ ಗಾಲ್ಫ್ ಆಟಗಾರರು 1744ರಲ್ಲಿ ಲೀತ್ ಬಯಲಿನ ಆಟಕ್ಕೆಂದು ಬರೆದ 13 ನಿಯಮಗಳಲ್ಲಿ ನೆರಳಿನ ಮಾತೇ ಇಲ್ಲ. ಹೋಲಿನಿಂದ ಹೆಚ್ಚು ದೂರ ಇರುವವನು ಮೊದಲು ಆಡಬೇಕು ಅಂತಿದೆ; ಅದರ ಪ್ರಕಾರ ನಾನು ಸದಾ ಪ್ರಥಮ. ಇನ್ನೊಬ್ಬರ ಪಟ್‌ನ ದಾರಿಗೆ ನೆರಳು ಬೀಳಿಸದಿರುವುದು ಬರೀ ಮರ್ಯಾದೆಯ ಪ್ರಶ್ನೆಯಂತೆ, ಬಿದ್ದರೆ ದಂಡದ ಸ್ಟ್ರೋಕೂ ಇಲ್ಲ. ದಂಡ ಇದ್ದಿದ್ದರೆ ಕಟ್ಟಿ ಸುಮ್ಮನಾಗಬಹುದಿತ್ತು. ಮರ್ಯಾದೆಯ ಪ್ರಶ್ನೆಗೆ ಉತ್ತರ ಬರೆಯುವುದು ಹೇಗೆ?

ಯಾರ ಕಾಟವೂ ಇಲ್ಲದೆ ಆಡಿದವರು ಒಬ್ಬರೇ ಇರಬೇಕು ಅಂದುಕೊಂಡಿದ್ದೆ: 1971ರಲ್ಲಿ ಚಂದ್ರನ ಮೇಲೆ ಆಡಿದ ಅಲನ್ ಶೆಪರ್ಡ್. ಆರನೇ ನಂಬರಿನ ಐರನ್ ಕ್ಲಬ್ಬಿನ ತಲೆಯನ್ನು ಮಣ್ಣು ಎತ್ತುವ ಸಲಕರಣೆಯ ಹಿಡಿಗೆ ಸಿಕ್ಕಿಸಿಕೊಂಡು, ದಪ್ಪ ಉಡುಪಿನಲ್ಲಿ ಒಂದೇ ಕೈಯಲ್ಲಿ ಬೀಸಿದ ಪುಣ್ಯಾತ್ಮ. ಅದನ್ನೂ ಓದಿ ನೋಡಿದೆ. ಪಕ್ಕದಲ್ಲಿದ್ದ ಎಡ್ಗರ್ ಮಿಚೆಲ್, ಚೆಂಡಿಗಿಂತ ಮಣ್ಣಿಗೇ ಹೆಚ್ಚು ಬಿತ್ತು ಅಂದರಂತೆ. ಭೂಮಿಯಿಂದ ರೇಡಿಯೋದಲ್ಲಿ ಇನ್ನೊಬ್ಬರು, ಅದು ಸ್ಲೈಸ್ ಆದಂತೆ, ಅಂದರೆ ಪಕ್ಕಕ್ಕೆ ತಿರುಗಿದಂತೆ, ಕಾಣುತ್ತದೆ ಅಂದರಂತೆ. ಮೂರು ಮುಕ್ಕಾಲು ಲಕ್ಷ ಕಿಲೋಮೀಟರಿಗೂ ಆಚೆ ಹೋದರೂ ಹೀಗೆ.

ಈ ಚಟ ಮನೆಗೂ ಅಂಟಿದೆ. ಮೊನ್ನೆ ಇವಳು ದೀಪದ ಕೆಳಗೆ ಕೂತು ಸೂಜಿಗೆ ದಾರ ಪೋಣಿಸುತ್ತಿದ್ದಳು. ನಾನು ಅಡ್ಡ ಹಾಯುವಾಗ ಗೋಡೆಗೆ ಬೆನ್ನು ಹಚ್ಚಿ, ಹೊಟ್ಟೆ ಒಳಗೆಳೆದುಕೊಂಡು, ಹಲ್ಲಿಯಂತೆ ಸರಿದುಹೋದೆ. ‘ಏನ್ರೀ ಇದು, ಮೈಗೆ ಹುಷಾರಿಲ್ವಾ?’ ಅಂದಳು. ಏನೆಂದು ಹೇಳಲಿ.

ಮರದ ಹಿಂದೆ ನಿಂತಿದ್ದಾಗ ಇನ್ನೊಂದು ನೆನಪಾಗಿತ್ತು. ಚಿಕ್ಕವನಿದ್ದಾಗ ಬೇಸಗೆಯಲ್ಲಿ ಬರಿಗಾಲಲ್ಲಿ ಅಪ್ಪನ ಹಿಂದೆ ನಡೆಯುತ್ತಿದ್ದೆ. ನೆಲ ಸುಡುತ್ತಿತ್ತು. ಅಪ್ಪನ ನೆರಳಿನ ಮೇಲೇ ಹೆಜ್ಜೆ ಇಡುತ್ತಾ, ಅದರಿಂದ ಬೆರಳು ಹೊರಗೆ ಬಾರದಂತೆ ಕುಪ್ಪಳಿಸುತ್ತಿದ್ದೆ. ಅಪ್ಪನಿಗೆ ಗೊತ್ತಿತ್ತೋ ಏನೋ, ಆಗಾಗ ನಡಿಗೆ ನಿಧಾನ ಮಾಡುತ್ತಿದ್ದರು. ನೆರಳು ಇರುವುದೇ ಅದಕ್ಕೆ ಅಂತ ಬಹಳ ದಿನ ನಂಬಿದ್ದೆ.

ಇರಲಿ. 1764ರಲ್ಲಿ ಸ್ಕಾಟ್ಲೆಂಡಿನ ಸೇಂಟ್ ಆಂಡ್ರೂಸ್‌ನವರು ಒಂದು ಸುತ್ತಿನ ಹೋಲುಗಳನ್ನು 22ರಿಂದ 18ಕ್ಕೆ ಇಳಿಸಿದರಂತೆ. ಕೈ ಹಾಕಿದವರು ಇನ್ನೆರಡು ಕಡಿಮೆ ಮಾಡಿದ್ದರೆ ನಿನ್ನೆ ನಾನು ಆ ಮರದ ಹಿಂದಿನಿಂದಲೇ ಮನೆಗೆ ಹೋಗುತ್ತಿದ್ದೆ. ಮಾಡಲಿಲ್ಲವಾದ್ದರಿಂದ ಹದಿನೇಳೂ ಆಯಿತು, ಹದಿನೆಂಟನೆಯದಕ್ಕೆ ಬಂದೆವು. ಅಷ್ಟರಲ್ಲಿ ಸೂರ್ಯ ಮುಳುಗಿದ್ದ. ಗ್ರೀನಿನ ಮೇಲೆ ಯಾರ ನೆರಳೂ ಇಲ್ಲ. ನಾನು ಎದೆ ಸೆಟೆಸಿ, ಕೈ ಕಟ್ಟಿ, ನನಗೆ ಬೇಕಾದ ಕಡೆ ನಿಂತೆ.

ಛಾಯಾಪತಿಗಳಿಗೆ ಎರಡೇ ಅಡಿಯ ಪಟ್. ಹೊಡೆದರು. ಚೆಂಡು ಅಂಚಿಗೆ ತಾಗಿ, ಒಂದು ಸುತ್ತು ಹಾಕಿ, ಹೊರಗೆ ಉಳಿಯಿತು. ಅವರು ನನ್ನ ಕಾಲಬುಡ ನೋಡಿದರು. ಹುಲ್ಲು ನೋಡಿದರು. ಆಮೇಲೆ ಆಕಾಶ.

‘ಬೆಳಕೇ ಇಲ್ಲ’ ಅಂದರು, ನನ್ನ ಕಡೆ ತಿರುಗಿ.

ಕೈಕುಲುಕಿ ಹೊರಡುವಾಗ ನನ್ನ ಕೈಯನ್ನು ಸ್ವಲ್ಪ ಹೆಚ್ಚು ಹೊತ್ತೇ ಹಿಡಿದಿದ್ದರು. ‘ಇನ್ನು ನೀವು ನಮ್ಮ ಜೊತೇನೇ ಆಡಿ, ಶನಿವಾರ ಬನ್ನಿ’ ಅಂದರು. ಮೂರು ತಿಂಗಳಲ್ಲಿ ಯಾರೂ ಹಾಗೆ ಕರೆದಿರಲಿಲ್ಲ. ಖಂಡಿತ ಬರ್ತೀನಿ ಸರ್ ಅಂದುಬಿಟ್ಟೆ.

ಅವರ ಕಾರು ಹೋದ ಮೇಲೆ ಫೋನ್ ನೋಡಿದರೆ ಮೆಸೇಜು ಬಂದಿತ್ತು: ಬೆಳಗ್ಗೆ ಆರೂವರೆಗೆ, ಸೂರ್ಯ ಹುಟ್ಟುವ ಹೊತ್ತಿಗೆ ಸರಿಯಾಗಿ.