ಗ್ಯಾಸ್ ಸರಿ, ಗಂಜಿ ಪಾತ್ರೆಯನ್ನೂ ನೋಡಿ

ಅಡುಗೆಮನೆಯ ಬೆಂಕಿ ಅವಘಡಗಳ ಬಗ್ಗೆ ನಿಮ್ಮ ಲೇಖನದಲ್ಲಿ ಬರೆದದ್ದೆಲ್ಲ ಸರಿ. ಆದರೆ ಬರೀ ಸಿಲಿಂಡರ್, ಸ್ಟವ್ ಅಂತ ನಿಲ್ಲಿಸಿದ್ದೀರಿ. ನಮ್ಮ ಉಡುಪಿ ಕಡೆ ಗಂಜಿತಿಳಿ, ಹಂಡೆಯ ನೀರೂ ಸುಡುತ್ತದೆ ಅಲ್ವಾ?

ಕುಚ್ಚಲಕ್ಕಿ ಅನ್ನ ಬಸಿಯುವಾಗ ನೋಡಿ. ದೊಡ್ಡ ಪಾತ್ರೆಯ ಬಾಯಿಗೆ ಮುಚ್ಚಳ ಒತ್ತಿ ಹಿಡಿದು ಬಗ್ಗಿಸುತ್ತಾರೆ, ಹಿಡಿದ ಬಟ್ಟೆ ಸ್ವಲ್ಪ ಒದ್ದೆಯಾಗಿದ್ದರೂ ಸಾಕು, ಬಿಸಿ ನೇರ ಕೈಗೆ ಹತ್ತುತ್ತದೆ, ಮುಚ್ಚಳ ಜಾರುತ್ತದೆ, ಆ ಅಂಟಂಟು ತಿಳಿ ನೀರಿನ ಹಾಗೆ ಹರಿದು ಹೋಗದೆ ಚರ್ಮಕ್ಕೇ ಹಿಡಿದುಕೊಳ್ಳುತ್ತದೆ. ಒಣ ಬಟ್ಟೆ ಇರಲಿ, ಮಕ್ಕಳು ಆಚೆ ಇರಲಿ.

ಬಚ್ಚಲಲ್ಲಿ ಬಕೆಟ್‌ಗೆ ಮೊದಲು ತಣ್ಣೀರು, ಆಮೇಲೆ ಬಿಸಿನೀರು. 60 ಡಿಗ್ರಿ ನೀರು ಕೆಲವೇ ಸೆಕೆಂಡಿನಲ್ಲಿ ಚರ್ಮ ಸುಡುತ್ತದೆ, ಮಕ್ಕಳಿಗೆ ಇನ್ನೂ ಬೇಗ. ಮಳೆಗಾಲದಲ್ಲಿ ಒದ್ದೆ ತೆಂಗಿನ ಮಡಲು ಹತ್ತಲಿಲ್ಲ ಅಂತ ಹಂಡೆಯ ಒಲೆಗೆ ಸೀಮೆಎಣ್ಣೆ ಸುರಿಯುವ ಪುಣ್ಯಾತ್ಮರೂ ಇದ್ದಾರೆ!

ಇನ್ನು ಸುಟ್ಟ ಕೂಡಲೇ ಟೂತ್‌ಪೇಸ್ಟ್ ಹುಡುಕುವುದು. ದಯವಿಟ್ಟು ಬೇಡ. ಐಸೂ ಬೇಡ, ತೆಂಗಿನೆಣ್ಣೆಯೂ ಬೇಡ. ನಲ್ಲಿಯ ಹರಿಯುವ ನೀರಿನ ಕೆಳಗೆ 20 ನಿಮಿಷ ಹಿಡಿಯಿರಿ, ಊದಿಕೊಳ್ಳುವ ಮೊದಲೇ ಉಂಗುರ, ಬಳೆ ತೆಗೆಯಿರಿ, ಗುಳ್ಳೆ ಒಡೆಯಬೇಡಿ. ಮುಖ, ಕೈ ಸುಟ್ಟರೆ ಸುಮ್ನೆ ಕೂರದೆ ಡಾಕ್ಟರ ಹತ್ತಿರ ಹೋಗಿ.

ಗ್ಯಾಸ್ ವಾಸನೆ ಬಂದರೆ ಯಾವ ಸ್ವಿಚ್ಚೂ ಮುಟ್ಟಬೇಡಿ, ಎಕ್ಸಾಸ್ಟ್ ಫ್ಯಾನ್ ಹಾಕುವುದಂತೂ ಬೇಡವೇ ಬೇಡ. ಎಲ್‌ಪಿಜಿ ಗಾಳಿಗಿಂತ ಭಾರ, ನೆಲದ ಮಟ್ಟದಲ್ಲೇ ನಿಲ್ಲುತ್ತದೆ. ರೆಗ್ಯುಲೇಟರ್ ಬಂದ್ ಮಾಡಿ, ಬಾಗಿಲು ತೆರೆದು ಹೊರಗೆ ಬಂದು ಗ್ಯಾಸ್ ಸೋರಿಕೆಯ ತುರ್ತು ಸಹಾಯವಾಣಿ 1906ಕ್ಕೆ ಫೋನ್ ಮಾಡಿ. ಆ ನಂಬರ್ ಲೇಖನದಲ್ಲಿ ಕಾಣಲಿಲ್ಲ, ಸೇರಿಸಿಬಿಡಿ.