ಸುಖದ ತಕ್ಕಡಿಗೆ ಮುದ್ರೆ ಹಾಕುವವರು ಯಾರು?

ಮುಧೋಳದ ಸಂತೆಯಲ್ಲಿ ಬದನೆಕಾಯಿ ಮಾರುವ ಅಜ್ಜಿಯ ತಕ್ಕಡಿಗೂ ಸರಕಾರದ ಮುದ್ರೆ ಬೇಕು. ತೂಕದ ಕಲ್ಲು ಸವೆದಿದ್ದರೆ ದಂಡ ಬೀಳುತ್ತದೆ. ಆದರೆ ಇದೇ ಬಾಗಲಕೋಟೆ ಜಿಲ್ಲೆಯಲ್ಲಿ ಹೊಳೆಯ ನೀರು, ಊರಿನ ಗಾಳಿ ಮತ್ತು ಎರೆಮಣ್ಣನ್ನು ಒಂದು ತಟ್ಟೆಗೂ ಅಭಿವೃದ್ಧಿಯನ್ನು ಇನ್ನೊಂದು ತಟ್ಟೆಗೂ ಹಾಕಿ ತೂಗುವ ದೊಡ್ಡ ತಕ್ಕಡಿಯನ್ನು ಯಾವ ಇನ್‌ಸ್ಪೆಕ್ಟರೂ ತಿರುವಿ ನೋಡಿದಂತಿಲ್ಲ.

ಸಕ್ಕರೆ ಕಾರ್ಖಾನೆಯೊಂದು (ಹೆಸರು ಬೇಡ) ಎಥೆನಾಲ್ ಎಂಬ ಮದ್ಯಸಾರ ತೆಗೆಯುವ ಡಿಸ್ಟಿಲರಿ ಕಟ್ಟಲು ಹೊರಟಾಗ ಕರೆದ ಅಹವಾಲು ಸಭೆಗೆ ನಾನೂ ಹೋಗಿದ್ದೆ. ಪರಿಸರ ಪರಿಣಾಮ ಅಂದಾಜಿನ 2006ರ ಕೇಂದ್ರ ಅಧಿಸೂಚನೆಯಂತೆ 30 ದಿನ ಮೊದಲೇ ಪ್ರಕಟಣೆ ಕೊಟ್ಟು ಜನರ ಮಾತು ಕೇಳಬೇಕಾದ ಸಭೆ ಅದು. ಕೇಳುವುದು ಕಡ್ಡಾಯ, ಕೇಳಿದ ಆಕ್ಷೇಪಕ್ಕೆ ವರದಿಯಲ್ಲೊಂದು ಉತ್ತರ ಬರೆದರೆ ಋಣ ತೀರಿತು.

ಕಾರ್ಖಾನೆಯ ಸಲಹೆಗಾರರು ‘ಹೆಚ್ಚು ಜನರಿಗೆ ಹೆಚ್ಚು ಸುಖ’ ಎಂದು ಮಾತು ತೆಗೆದರು. ಈ ತತ್ವದ ಹಿರಿಯ, ಇಂಗ್ಲೆಂಡಿನ ಚಿಂತಕ ಜೆರೆಮಿ ಬೆಂಥಾಮ್ 1789ರಲ್ಲಿ ಸುಖವನ್ನು ಅಳೆಯಲು ಏಳು ಮಾನದಂಡಗಳನ್ನು ಕೊಟ್ಟಿದ್ದ: ಸುಖ ಎಷ್ಟು ತೀವ್ರ, ಎಷ್ಟು ದಿನದ್ದು, ಅದರಲ್ಲಿ ದುಃಖದ ಕಲಬೆರಕೆ ಎಷ್ಟು ಇತ್ಯಾದಿ. ನಮ್ಮವರು ಆರನ್ನು ಕೈಬಿಟ್ಟು, ಎಷ್ಟು ಮಂದಿಗೆ ತಲುಪುತ್ತದೆ ಎಂಬ ಏಳನೆಯದನ್ನಷ್ಟೇ ಭದ್ರವಾಗಿ ಹಿಡಿದುಕೊಂಡರು. ಪೆಟ್ರೋಲಿಗೆ ಶೇ. 20ರಷ್ಟು ಎಥೆನಾಲ್ ಬೆರೆಸಿದರೆ ಇಡೀ ದೇಶವೇ ಸುಖಿ. ದೇಶವನ್ನು ಒಂದು ತಟ್ಟೆಯಲ್ಲಿ ಕೂರಿಸಿದ ಮೇಲೆ ಇನ್ನೊಂದರಲ್ಲಿ ಕುಳಿತ ನಮ್ಮೂರು ಗಾಳಿಯಲ್ಲಿ ತೂಗಾಡದೆ ಇನ್ನೇನು ಮಾಡೀತು? ಆಲಮಟ್ಟಿಯ ಹಿನ್ನೀರಿಗೆ ಹಳೇ ಬಾಗಲಕೋಟೆಯ ಓಣಿಗಳನ್ನು ಬಿಟ್ಟುಕೊಟ್ಟು ನವನಗರ ಸೇರಿದವರಿಗೆ ಈ ಲೆಕ್ಕ ಬಾಯಿಪಾಠವಾಗಿದೆ. ಕಾಕಂಬಿಯಿಂದ ತೆಗೆದ ಪ್ರತಿ ಲೀಟರ್ ಮದ್ಯಸಾರಕ್ಕೂ ಅದರ ಎಷ್ಟೋ ಪಟ್ಟು ಉಳಿಯುವ ಕೊಳಚೆಯ ಮಾತು ಬಂದಾಗ ಸಲಹೆಗಾರರು ‘ಶೂನ್ಯ ವಿಸರ್ಜನೆ’, ಅಂದರೆ ಹನಿ ಕೊಳಚೆಯನ್ನೂ ಹೊರಗೆ ಬಿಡುವುದಿಲ್ಲ, ಎಂದರು. ಸೊನ್ನೆಗೆ ತೂಕವಿಲ್ಲವಾದ್ದರಿಂದ ತಟ್ಟೆ ಅಲುಗಲಿಲ್ಲ.

ಆಗ ಹಿಂದಿನ ಸಾಲಿನಿಂದ ಒಬ್ಬ ತಾಯಿ ಎದ್ದು ಬಂದು, ಸೆರಗಿನ ಗಂಟು ಬಿಚ್ಚಿ, ನಾಲ್ಕು ಸಂಡಿಗೆಗಳನ್ನು ಅಧಿಕಾರಿಯ ಮೇಜಿನ ಮೇಲಿಟ್ಟಳು. ಮಾಳಿಗೆಯ ಮೇಲೆ ಒಣಹಾಕಿದ ಬಿಳಿ ಸಂಡಿಗೆ. ಮೈತುಂಬ ಕರಿ ಚುಕ್ಕೆ. “ಸಾಹೇಬ್ರ, ನಾ ಇದಕ್ಕ ಎಳ್ಳ ಹಾಕಿಲ್ರಿ,” ಎಂದಳು. ಈಗಿರುವ ಚಿಮಣಿಯ ಬೂದಿಯೇ ಹಾಗಿದೆ. ಸಲಹೆಗಾರರು ಒಂದನ್ನು ಬೆಳಕಿಗೆ ಹಿಡಿದು, ತಿರುಗಿಸಿ ನೋಡಿ, “ಪರಿಣಾಮ ಅತ್ಯಲ್ಪ” ಎಂದು ಬರೆಸಿದರು. ಉಪ್ಪಿಟ್ಟು, ಚಹಾ ಬಂದವು. ಸಂಡಿಗೆಯನ್ನು ಮಾತ್ರ ಯಾರೂ ಮುಟ್ಟಲಿಲ್ಲ.

ನಡಾವಳಿಯ ಪ್ರತಿ ಮೊನ್ನೆ ಕೈಗೆ ಬಂತು. ಒಂಬತ್ತನೆಯ ಸಾಲಿನಲ್ಲಿ ಹೀಗಿದೆ: ‘ಸ್ಥಳೀಯ ಮಹಿಳೆಯರು ಸಂಡಿಗೆ ನೀಡಿ ಯೋಜನೆಯನ್ನು ಸ್ವಾಗತಿಸಿದರು.’